ಕ್ಯಾಮ್ ಶಾಫ್ಟಿನ ಬೆಲೆ ಮತ್ತು ಅದನ್ನು ಕೂರಿಸುವ ಕೂಲಿ

ನಮ್ಮ ಮನೆಗಳಲ್ಲಿ ಹದಿನೆಂಟು ತುಂಬಿದ ಮಕ್ಕಳು ಬೇಸಿಗೆ ರಜೆಯಲ್ಲಿ ದುಡಿದದ್ದನ್ನು ಎಲ್ಲಿ ಸುರಿಯುತ್ತಾರೆಂಬುದು ತಾಯಿತಂದೆಯರಿಗೆಲ್ಲ ತಿಳಿದ ವಿಷಯವೇ. ಹಳೆಯ ಕಾರು ಕೊಂಡದ್ದಾಯಿತು. ಇನ್ನು ಅದಕ್ಕೆ ಪರ್ಫಾರ್ಮೆನ್ಸ್ ಕ್ಯಾಮ್ ಶಾಫ್ಟ್ ಹಾಕಿಸಬೇಕಂತೆ! ಭಾಗದ ಬೆಲೆ ಕೇಳಿ "ಹೋಗಲಿ ಬಿಡು" ಎಂದ ತಂದೆ, ಗ್ಯಾರೇಜಿನವರು ಹೇಳಿದ ಕೂಲಿ ಕೇಳಿ ಕುರ್ಚಿ ಹುಡುಕುತ್ತಾರೆ. ಮೂಗಿಗಿಂತ ಮೂಗುತಿ ಭಾರ. ಇದು ಮೋಸವೇ? ಸಾಮಾನ್ಯವಾಗಿ ಅಲ್ಲ. ಆದರೆ ಲೆಕ್ಕ ತಿಳಿಯದೆ ಹೋದರೆ ಹುಡುಗನ ಮೂರು ತಿಂಗಳ ದುಡಿಮೆ ಒಂದೇ ಬಿಲ್ಲಿಗೆ ಮುಗಿಯುತ್ತದೆ.

ಎಂಜಿನ್ನಿನ ಕವಾಟಗಳನ್ನು ಹೊತ್ತು ಹೊತ್ತಿಗೆ ತೆರೆಯುವ, ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುವ ದಂಡವೇ ಕ್ಯಾಮ್ ಶಾಫ್ಟ್. ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದರೆ ಇದು ಒಂದು ಸುತ್ತು. ಉಬ್ಬಿನ ಎತ್ತರವನ್ನೂ ಕವಾಟ ತೆರೆದಿರುವ ಅವಧಿಯನ್ನೂ ಹೆಚ್ಚಿಸಿದರೆ ಎಂಜಿನ್ ಜೋರಾಗಿ ಓಡುವಾಗ ಹೆಚ್ಚು ಗಾಳಿ ಒಳಹೋಗಿ ಶಕ್ತಿ ಏರುತ್ತದೆ. ಕಾರು ನಿಂತಾಗ ಎಂಜಿನ್ ಗುಡುಗುಡು ನಡುಗುವುದೂ ಇದರ ಫಲವೇ. ಹುಡುಗರಿಗೆ ಅದು ಸಂಗೀತ, ನೆರೆಮನೆಯವರಿಗೆ ಅಲ್ಲ.

1998ರಿಂದ 2002ರವರೆಗಿನ ಶೆವ್ರೊಲೆ ಕಮಾರೊ ಝಡ್-28 ಕಾರನ್ನೇ ತೆಗೆದುಕೊಳ್ಳೋಣ. ಅದರ 5.7 ಲೀಟರ್ ಎಲ್‌ಎಸ್-1 ಎಂಜಿನ್ನಿನಲ್ಲಿ ಕ್ಯಾಮ್ ಇರುವುದು ಬ್ಲಾಕಿನ ಹೊಟ್ಟೆಯೊಳಗೆ. ಅದನ್ನು ಮುಂದಿನಿಂದ ಎಳೆದು ತೆಗೆಯಬೇಕಾದರೆ ರೇಡಿಯೇಟರ್, ನೀರಿನ ಪಂಪು, ಕ್ರ್ಯಾಂಕಿನ ಪುಲ್ಲಿ, ಟೈಮಿಂಗ್ ಮುಚ್ಚಳ, ಚೈನು ಎಲ್ಲವೂ ದಾರಿ ಬಿಡಬೇಕು. ಒಳಗಿನ ಲಿಫ್ಟರುಗಳನ್ನು ಪ್ಲಾಸ್ಟಿಕ್ ತಟ್ಟೆಗಳು ಮೇಲಕ್ಕೆ ಹಿಡಿದುಕೊಂಡರೆ ಪುಣ್ಯ, ಸಿಲಿಂಡರ್ ಹೆಡ್ ಬಿಚ್ಚುವ ಕೆಲಸ ಉಳಿಯಿತು. ಆ ತಟ್ಟೆಗಳು ಸವೆದಿದ್ದರೆ, ಅಥವಾ ಲಿಫ್ಟರುಗಳನ್ನೂ ಬದಲಿಸಬೇಕೆಂದರೆ, ಹೆಡ್ಡುಗಳು ಇಳಿಯಲೇಬೇಕು, ಗಂಟೆಗಳು ಏರುತ್ತವೆ. ಒಂದೇ ಕೆಲಸಕ್ಕೆ ಎರಡು ಗ್ಯಾರೇಜುಗಳು ಬೇರೆ ಬೇರೆ ಮೊತ್ತ ಹೇಳುವುದರ ಗುಟ್ಟು ಬಹಳ ಸಲ ಇಲ್ಲಿದೆ.

ಅಮೆರಿಕದ ಗ್ಯಾರೇಜುಗಳು ಸಾಮಾನ್ಯವಾಗಿ ಕೈಪಿಡಿಯ ಗಂಟೆಗಳನ್ನು ತಮ್ಮ ಗಂಟೆಯ ದರದಿಂದ ಗುಣಿಸುತ್ತವೆ. ಗಂಟೆಗೆ 150 ಡಾಲರಿನಂತೆ 10 ಗಂಟೆ ಎಂದಿಟ್ಟುಕೊಳ್ಳಿ, ಕೂಲಿಯೇ 1500 ಡಾಲರ್. ಮೆಕ್ಯಾನಿಕ್ ಏಳೇ ಗಂಟೆಗೆ ಮುಗಿಸಿದರೂ ಹತ್ತರದೇ ಬಿಲ್ಲು; ಹದಿಮೂರು ಹಿಡಿದರೆ ನಷ್ಟ ಅವನದು. ಆದರೆ ಕೈಪಿಡಿ ಲೆಕ್ಕ ಹಾಕುವುದು ಮೊದಲಿದ್ದಂಥದೇ ಕ್ಯಾಮ್ ಮತ್ತೆ ಹಾಕುವುದಕ್ಕೆ. ಹೊಸ ಕ್ಯಾಮಿನ ಕೋನ ಅಳೆದು ಕೂರಿಸುವುದು, ಕವಾಟ ಪಿಸ್ಟನ್ನಿಗೆ ತಾಗದೆಂದು ಪರೀಕ್ಷಿಸುವುದು, ಕೊನೆಗೆ ಕಾರಿನ ಕಂಪ್ಯೂಟರನ್ನು ಹೊಸದಾಗಿ ಹೊಂದಿಸುವುದು, ಇವೆಲ್ಲ ಆ ಲೆಕ್ಕದ ಹೊರಗೆ.

ಹಾಗಾಗಿ "ಎಷ್ಟಾಗುತ್ತದೆ?" ಎಂದು ಕೇಳಿ ಸುಮ್ಮನಾದರೆ ಸಾಲದು. ಎಷ್ಟು ಗಂಟೆ, ಆ ಗಂಟೆಗಳಲ್ಲಿ ಏನೇನು ಸೇರಿದೆ ಎಂದು ಕೇಳಬೇಕು. ಕವಾಟದ 16 ಸ್ಪ್ರಿಂಗುಗಳ ವಿಷಯದಲ್ಲಂತೂ ಜಿಪುಣತನ ಬೇಡ. ಎತ್ತರದ ಕ್ಯಾಮಿಗೆ ಹಳೆಯ ಸ್ಪ್ರಿಂಗು ತಾಳದೆ ಮುರಿದು ಕವಾಟ ಸಿಲಿಂಡರಿಗೆ ಬಿದ್ದರೆ ಇಡೀ ಎಂಜಿನ್ನೇ ಹೋದೀತು. ರಾಕರುಗಳು ಹೇಗೂ ಬಿಚ್ಚಿರುವುದರಿಂದ ಸ್ಪ್ರಿಂಗು ಬದಲಿಸಲು ಹೆಚ್ಚುವರಿ ಸಮಯಕ್ಕಷ್ಟೇ ಕೂಲಿ ಕೊಡಬೇಕು, ಬಿಚ್ಚಿದ್ದಕ್ಕೆ ಎರಡನೆಯ ಸಲ ಅಲ್ಲ. ಚೈನೂ ನೀರಿನ ಪಂಪೂ ಹಾಗೆಯೇ; ಭಾಗದ ಬೆಲೆ ಕೊಟ್ಟು ಆಗಲೇ ಬದಲಿಸಿಬಿಡುವುದು ಜಾಣತನ.

ಕ್ಯಾಲಿಫೋರ್ನಿಯದಲ್ಲಿರುವ ನಮಗೆ 1971ರ ವಾಹನ ದುರಸ್ತಿ ಕಾಯಿದೆಯ ರಕ್ಷಣೆಯಿದೆ. ಕೆಲಸಕ್ಕೆ ಮುಂಚೆ ಅಂದಾಜು ಪಟ್ಟಿ ಬರೆದು ಕೊಡಬೇಕು. ನಮ್ಮ ಒಪ್ಪಿಗೆಯಿಲ್ಲದೆ ಅದನ್ನು ಮೀರುವಂತಿಲ್ಲ. ಇನ್ನೊಂದು ತೊಡಕೂ ಈ ರಾಜ್ಯದ್ದೇ. 1976 ಮತ್ತು ಅನಂತರದ ಪೆಟ್ರೋಲ್ ಕಾರುಗಳು ಹೊಗೆ ಪರೀಕ್ಷೆಗೆ ಹೋಗಬೇಕು. ಇಂಥ ಕಾರಿಗೆ ಹಾಕುವ ಕ್ಯಾಮಿಗೆ ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರಬೇಕು. ಸಂಖ್ಯೆಯಿಲ್ಲದ ಕ್ಯಾಮಿನಿಂದ ಕಾರು ಪರೀಕ್ಷೆಯಲ್ಲಿ ಸೋತರೆ ಹಳೆಯದನ್ನು ಮತ್ತೆ ಕೂರಿಸಲು ಅದೇ ಹತ್ತು ಗಂಟೆ, ಅದೇ ದರ. ಹುಡುಗ ಹಣ ಎಣಿಸುವ ಮುಂಚೆ ಡಬ್ಬಿಯ ಮೇಲೆ ಆ ಸಂಖ್ಯೆ ಇದೆಯೇ, ತನ್ನ ಕಾರಿನ ವರ್ಷಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಓದಿ ತೋರಿಸಲಿ.