ಸೂಜಿಗಿಂತ ಮೊದಲು ನಂಬಿಕೆ

ಮೃತ್ಯು ಬಾಗಿಲಲ್ಲಿ ನಿಂತಿರುವಾಗಲೂ ಮದ್ದನ್ನು ಬೇಡವೆನ್ನುವವರನ್ನು ಅಜ್ಞಾನಿಗಳೆಂದು ಜರೆಯುವುದು ಬಲು ಸುಲಭ. ಅಮೆರಿಕದ ಕಪ್ಪುವರ್ಣದ ಜನರ ವಿಷಯದಲ್ಲಿ ಅನೇಕರು ಆಡಿದ ಮಾತು ಇದೇ. ಕೋವಿಡ್ ಪಿಡುಗಿಗೆ ಅವರು ಬಿಳಿಯರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಬಲಿಯಾಗುತ್ತಿದ್ದರು. ಆದರೂ ೨೦೨೦ರ ಡಿಸೆಂಬರಿನಲ್ಲಿ ಲಸಿಕೆ ಬಂದಾಗ ಅವರಲ್ಲಿ ಹಲವರು ಹಿಂಜರಿದರು. ಏತಕ್ಕೆ?

ಉತ್ತರವನ್ನರಸಿ ಅಲಬಾಮ ಪ್ರಾಂತದ ಟಸ್ಕೀಗಿಗೆ ಹೋಗಬೇಕು. ೧೯೩೨ರಲ್ಲಿ ಸರಕಾರದ ಆರೋಗ್ಯ ಇಲಾಖೆಯೇ ಅಲ್ಲಿ ಸುಮಾರು ೬೦೦ ಮಂದಿ ಬಡ ಕಪ್ಪು ಗಂಡಸರನ್ನು ಪರೀಕ್ಷೆಗೆ ಸೇರಿಸಿಕೊಂಡಿತು. ಅವರಲ್ಲಿ ೩೯೯ ಮಂದಿಗೆ ಸಿಫಿಲಿಸ್ ರೋಗವಿತ್ತು. ವೈದ್ಯರು ರೋಗದ ಹೆಸರನ್ನು ತಿಳಿಸದೆ, ರಕ್ತ ಕೆಟ್ಟಿದೆಯೆಂದಷ್ಟೇ ಹೇಳಿದರು. ಪುಕ್ಕಟೆ ಊಟ, ಪುಕ್ಕಟೆ ತಪಾಸಣೆ, ಸತ್ತರೆ ಶವಸಂಸ್ಕಾರದ ವೆಚ್ಚ, ಇವು ಆಮಿಷಗಳು. ೧೯೪೭ರ ವೇಳೆಗೆ ಪೆನಿಸಿಲಿನ್ ಆ ರೋಗಕ್ಕೆ ಸಿದ್ಧೌಷಧವೆನಿಸಿದ್ದರೂ ಅದನ್ನು ಅವರಿಗೆ ಕೊಡಲಿಲ್ಲ. ಚಿಕಿತ್ಸೆಯಿಲ್ಲದೆ ರೋಗ ಹೇಗೆ ಬೆಳೆಯುವುದೆಂದು ನೋಡುವುದೇ ಪರೀಕ್ಷೆಯ ಗುರಿ! ಎಂತಹ ಕ್ರೌರ್ಯ! ೧೯೭೨ರಲ್ಲಿ ಪತ್ರಿಕೆಗಳು ಬಯಲಿಗೆಳೆದ ಮೇಲೆ ಅದು ನಿಂತಿತು. ರಾಷ್ಟ್ರಾಧ್ಯಕ್ಷ ಕ್ಲಿಂಟನ್ನರು ಕ್ಷಮೆ ಕೋರಿದ್ದು ೧೯೯೭ರಲ್ಲಿ.

ಇಂಥ ಕಥೆಯನ್ನು ಮನೆಯ ಹಿರಿಯರ ಬಾಯಿಂದ ಕೇಳಿ ಬೆಳೆದವರಿಗೆ ಸರಕಾರದ ಸೂಜಿ ಶಂಕೆ ಹುಟ್ಟಿಸಿದರೆ ಅಚ್ಚರಿಯೇನು? ಆಸ್ಪತ್ರೆಗಳಲ್ಲಿ ತಮ್ಮ ನೋವಿನ ಮಾತಿಗೆ ಬೆಲೆಯಿಲ್ಲವೆಂಬ ನಿತ್ಯದ ಅನುಭವವೂ ಅದಕ್ಕೆ ಸೇರಿತ್ತು.

ಹಾಗೆಂದು ಲಸಿಕೆಯನ್ನು ದೂರವಿಟ್ಟರೆ ನಷ್ಟ ಅವರಿಗೇ ಅಲ್ಲವೆ? ಇದನ್ನು ಮನಗಂಡವರು ಆ ಸಮಾಜದಲ್ಲಿಯೇ ಇದ್ದರು. ೨೦೨೦ರ ಡಿಸೆಂಬರ್ ೧೪ರಂದು ನ್ಯೂಯಾರ್ಕಿನಲ್ಲಿ ಕಪ್ಪುವರ್ಣದ ದಾದಿ ಸಾಂಡ್ರಾ ಲಿಂಡ್ಸೆ ತಮ್ಮವರ ಅಂಜಿಕೆ ಬಿಡಿಸಲೆಂದು ಎಲ್ಲರೆದುರಿಗೆ ತೋಳೊಡ್ಡಿದರು. ಫಿಲಡೆಲ್ಫಿಯದ ಶಸ್ತ್ರವೈದ್ಯೆ ಆಲಾ ಸ್ಟ್ಯಾನ್‌ಫರ್ಡ್ ಸಂಗಡಿಗರ ತಂಡ ಕಟ್ಟಿ, ಮೊದಲು ರೋಗಪರೀಕ್ಷೆಯನ್ನೂ ಅನಂತರ ಲಸಿಕೆಯನ್ನೂ ಜನರ ಕೇರಿಗೇ ಕೊಂಡೊಯ್ದರು. ಇಗರ್ಜಿಗಳಲ್ಲಿ ಪಾದ್ರಿಗಳು ತಿಳಿಯಹೇಳಿದರು. ಕ್ಷೌರದಂಗಡಿಗಳಲ್ಲಿ, ಎಷ್ಟೋ ವರ್ಷಗಳಿಂದ ತಲೆಯೊಪ್ಪಿಸಿದ ಕ್ಷೌರಿಕನೇ ಸಂದೇಹಗಳನ್ನು ಕೇಳಿ ಉತ್ತರಿಸಿದನು. ಯಾರೂ ಯಾರನ್ನೂ ಹೀಯಾಳಿಸಲಿಲ್ಲ. ೨೦೨೨ರ ವೇಳೆಗೆ ಲಸಿಕೆ ಪಡೆಯುವುದರಲ್ಲಿ ಬಿಳಿಯರಿಗೂ ಅವರಿಗೂ ಇದ್ದ ಅಂತರ ಬಹುಮಟ್ಟಿಗೆ ಕಿರಿದಾಗಿತ್ತು.

ತಿಳಿಯದವನಿಗೆ ತಿಳಿಯಹೇಳಿದರೆ ಸಾಕು. ಒಮ್ಮೆ ಮೋಸಹೋದವನ ಬಳಿಗೆ ಪರಿಚಿತನೊಬ್ಬನು ಹೋಗಿ, ಪಕ್ಕದಲ್ಲಿ ಕುಳಿತು, ಮೊದಲು ಅವನ ಮಾತನ್ನು ಪೂರ್ತಿಯಾಗಿ ಕೇಳಬೇಕು.