ಸಮಾಜದಲ್ಲಿ ನ್ಯಾಯಶಾಸನದ ಉದ್ದೇಶವೂ ಅದರ ಅಂಗಗಳೂ

ನ್ಯಾಯಶಾಸನವೆಂದೊಡನೆ ಕೋರ್ಟು, ಪೊಲೀಸು, ಸೆರೆಮನೆ ಇವೇ ಅನೇಕರ ಮನಸ್ಸಿಗೆ ಬರುತ್ತವೆ. ತಪ್ಪಿತಸ್ಥರನ್ನು ದಂಡಿಸುವುದು ಶಾಸನದ ಒಂದು ಕಾರ್ಯ ಮಾತ್ರ. ಬಲಿಷ್ಠನ ಇಚ್ಛೆಯೇ ನಿಯಮವಾಗದಂತೆ ತಡೆದು, ದುರ್ಬಲರಿಗೂ ಸಲ್ಲತಕ್ಕುದು ಸಲ್ಲುವಂತೆ ಮಾಡುವುದೇ ಅದರ ಮುಖ್ಯೋದ್ದೇಶವೆಂದು ನಾವು ಭಾವಿಸುತ್ತೇವೆ.

ಶಾಸನದ ಅಂಗಗಳು ಮುಖ್ಯವಾಗಿ ಮೂರು. ಮೊದಲನೆಯದು ಸಂವಿಧಾನ. 1950ನೆಯ ಇಸವಿ ಜನವರಿ 26ರಿಂದ ಜಾರಿಯಲ್ಲಿರುವ ಇದು ಸರ್ಕಾರದ ಅಧಿಕಾರಕ್ಕೂ ಮೇರೆಯನ್ನು ಗೊತ್ತುಮಾಡುತ್ತದೆ. ಇದರ 14ನೆಯ ಅನುಚ್ಛೇದದಂತೆ ಶಾಸನದ ಮುಂದೆ ಸರ್ವರೂ ಸಮಾನರು. ಎರಡನೆಯದು ಕ್ರಿಮಿನಲ್ ಶಾಸನ. ಕಳವು, ಕೊಲೆ ಮೊದಲಾದವು ಇಡೀ ಸಮಾಜಕ್ಕೆ ಮಾಡಿದ ಕೇಡುಗಳಾದುದರಿಂದ ಇಲ್ಲಿ ಸರ್ಕಾರವೇ ಮೊಕದ್ದಮೆಯನ್ನು ನಡೆಸುತ್ತದೆ. 1860ರ ದಂಡಸಂಹಿತೆಯ ಸ್ಥಾನಕ್ಕೆ 2024ನೆಯ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆಯು ಬಂದಿತು. ಮೂರನೆಯದು ಸಿವಿಲ್ ಶಾಸನ. ಕ್ರಯ, ಸಾಲ, ಕರಾರು, ವಿವಾಹ, ವಾರಸು ಇವೆಲ್ಲವೂ ಇದಕ್ಕೆ ಸೇರಿದುವು.

ಹೆಣ್ಣುಮಕ್ಕಳ ಜೀವನವನ್ನು ಅತಿ ಸಮೀಪವಾಗಿ ಮುಟ್ಟುವುದು ಈ ಮೂರನೆಯ ಅಂಗವೇ. ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಸ್ವಾಸ್ತ್ಯವನ್ನು ಕೇಳಿ ಪಡೆದ ವೃತ್ತಾಂತವನ್ನು ಅರಣ್ಯಕಾಂಡದಲ್ಲಿ ನಾವೆಲ್ಲರೂ ಓದಿದ್ದೇವೆ. ಆದರೂ ತಿರುವಾಂಕೂರಿನ 1916ರ ಕ್ರೈಸ್ತ ವಾರಸು ಕಾಯಿದೆಯು, ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮಾತ್ರವೇ ಮಗಳಿಗೆ ಕೊಡುತ್ತಿತ್ತು. ಕೇರಳದ ಅಧ್ಯಾಪಕಿ ಶ್ರೀಮತಿ ಮೇರಿ ರಾಯ್ ಅವರು ಇದನ್ನು ಪ್ರಶ್ನಿಸಿದರು. ಅಲ್ಲಿಯ ಕ್ರೈಸ್ತರಿಗೂ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೇ ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ತೀರ್ಪಿತ್ತಿತು. ಈ ಕಾಯಿದೆಯಂತೆ ಉಯಿಲು ಬರೆಯದೆ ತೀರಿಕೊಂಡವನ ಆಸ್ತಿಯಲ್ಲಿ ಪತ್ನಿಗೆ ಮೂರನೆಯ ಒಂದು ಭಾಗವೂ, ಉಳಿದುದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೂ ಸಲ್ಲುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿಯೂ ಮಗಳಿಗೆ ಮಗನಷ್ಟೇ ಹಕ್ಕೆಂದು 2005ರ ತಿದ್ದುಪಡಿಯು ವಿಧಿಸಿತು.

ಆದರೆ ಶಾಸನವು ಕೊಟ್ಟುದನ್ನು ಒಂದು ರುಜುವು ಕಳೆಯಬಲ್ಲುದು. ಅಣ್ಣತಮ್ಮಂದಿರ ಮೇಲಣ ವಿಶ್ವಾಸದಿಂದಲೋ ಹಿರಿಯರ ದಾಕ್ಷಿಣ್ಯದಿಂದಲೋ, ಓದಿ ನೋಡದೆಯೇ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುವ ಸೋದರಿಯರು ಇಂದಿಗೂ ಇದ್ದಾರೆ. ಮನಃಪೂರ್ವಕವಾಗಿ ಬಿಟ್ಟುಕೊಡುವುದು ಔದಾರ್ಯ. ಅರಿಯದೆ ಕಳೆದುಕೊಳ್ಳುವುದು ಔದಾರ್ಯವಲ್ಲ. ನೋಂದಣಿಯಾದ ಪತ್ರವನ್ನು ಅನಂತರ ರದ್ದುಪಡಿಸುವುದು ಸುಲಭವೂ ಅಲ್ಲ. ಸಂದೇಹವಿದ್ದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. 1987ರ ಕಾಯಿದೆಯಂತೆ, ವರಮಾನವೆಷ್ಟೇ ಇರಲಿ, ಸ್ತ್ರೀಯರು ಉಚಿತ ನೆರವಿಗೆ ಅರ್ಹರು.

ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮಗಳಿಗೆ ಅಕ್ಷರವನ್ನು ಕಲಿಸಿದ್ದೀರಿ, ಆಕೆಯ ಮುಂದೆ ಪತ್ರವನ್ನಿಡುವಾಗ ಅದನ್ನು ಓದಿ ತಿಳಿಯುವಷ್ಟು ಅವಕಾಶವನ್ನೂ ಕೊಡಿರಿ.