ಮಿದುಳಿನೊಳಗೇ ಬ್ರೇಕ್ ಹಾಕುವ ಕಣ!

ಬೆಳಕಿನ ವೇಗದ ಹೆಚ್ಚುಕಮ್ಮಿ ಅರ್ಧದಷ್ಟು ವೇಗ! ಆ ಓಟದಲ್ಲಿ ಬಂದ ಪ್ರೋಟಾನ್ ಚರ್ಮ ದಾಟುತ್ತದೆ, ತಲೆಬುರುಡೆ ದಾಟುತ್ತದೆ, ಮಿದುಳಿನೊಳಗೆ ಕೆಲವು ಸೆಂಟಿಮೀಟರ್ ಸಾಗುತ್ತದೆ. ವೇಗ ಕುಗ್ಗಿದಷ್ಟೂ ಹೊಡೆತ ಜೋರು. ಕೊನೆಯ ಕೆಲವೇ ಮಿಲಿಮೀಟರ್‌ಗಳಲ್ಲಿ ಉಳಿದ ಶಕ್ತಿಯನ್ನೆಲ್ಲ ಸುರಿದು ನಿಂತೇಬಿಡುತ್ತದೆ. ಅದರಾಚೆ? ಹೆಚ್ಚುಕಡಿಮೆ ಏನೂ ಇಲ್ಲ! ಈ ಗುಣ ಕ್ಯಾನ್ಸರ್ ಚಿಕಿತ್ಸೆಗೆ ಒದಗೀತೆಂದು 1946ರಲ್ಲೇ ಬರೆದವರು ರಾಬರ್ಟ್ ವಿಲ್ಸನ್. ಪರಮಾಣು ಬಾಂಬ್ ರೂಪುಗೊಂಡ ಲಾಸ್ ಅಲಮೋಸ್‌ನಲ್ಲಿ ದುಡಿದಿದ್ದ ಭೌತವಿಜ್ಞಾನಿ! 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಚಿಕಿತ್ಸೆ. 2019ರಿಂದ ನಮ್ಮ ಪಕ್ಕದ ಚೆನ್ನೈನಲ್ಲೂ.

ಹಾಗಾದರೆ ರೂಢಿಯ ಎಕ್ಸ್‌ರೇ ಚಿಕಿತ್ಸೆಯ ಕಾಲ ಮುಗಿಯಿತೇ? ಅದರ ಜಾಣತನವನ್ನೂ ನೋಡಿ. ಎಕ್ಸ್‌ರೇ ಕಿರಣ ನಿಲ್ಲುವುದಿಲ್ಲ, ತಲೆಯ ಇನ್ನೊಂದು ಬದಿಯಿಂದ ಹೊರಬೀಳುತ್ತದೆ. ಅದಕ್ಕೇ ಐಎಂಆರ್‌ಟಿ ಎಂಬ ವಿಧಾನದ ಯಂತ್ರ ಹಲವು ದಿಕ್ಕುಗಳಿಂದ ಕಿರಣ ಬಿಡುತ್ತದೆ. ಅದರ ಬಾಯಲ್ಲಿ ಟಂಗ್‌ಸ್ಟನ್ನಿನ ತೆಳ್ಳನೆಯ ಪಟ್ಟಿಗಳು; ಒಂದೊಂದೂ ತನ್ನಷ್ಟಕ್ಕೆ ಸರಿದಾಡುತ್ತ ಕಿರಣವನ್ನು ಗೆಡ್ಡೆಯ ಆಕಾರಕ್ಕೇ ಕತ್ತರಿಸುತ್ತವೆ! ಕೆಳಗೆ ಮಲಗಿದ ರೋಗಿಯ ಮುಖಕ್ಕೆ, ಬಿಸಿನೀರಿನಲ್ಲಿ ಮೆತ್ತಗಾಗಿಸಿ ಅಚ್ಚು ತೆಗೆದ ಜಾಲರಿ ಮಾಸ್ಕ್. ತಲೆ ಕದಲುವಂತಿಲ್ಲ.

ಇವೆರಡನ್ನೂ ಎದುರುಬದುರು ನಿಲ್ಲಿಸಿದರೆ? ಮಿದುಳಿನ ಕ್ಯಾನ್ಸರ್‌ಗಳಲ್ಲೇ ಅತಿ ಉಗ್ರವಾದ ಗ್ಲಿಯೊಬ್ಲಾಸ್ಟೋಮಾದಲ್ಲಿ ಅದೂ ನಡೆಯಿತು. ಹ್ಯೂಸ್ಟನ್‌ನ ಎಂ.ಡಿ. ಆ್ಯಂಡರ್ಸನ್ ಕೇಂದ್ರ 2021ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನದಲ್ಲಿ ಪ್ರೋಟಾನ್ ಪಡೆದವರಿಗೆ ದಣಿವು ಕಡಿಮೆ. ಆದರೆ ನೆನಪು, ಯೋಚನಾಶಕ್ತಿ ಕುಂದುವುದು ಮುಂದಕ್ಕೆ ಹೋಗಲಿಲ್ಲ. ಗುರಿ ಎಷ್ಟು ನಿಖರವಾದರೂ, ಈ ರೋಗದ ಕೋಶಗಳು ಎಂಆರ್‌ಐಯಲ್ಲಿ ಕಾಣುವ ಅಂಚನ್ನೂ ದಾಟಿ ಹಬ್ಬಿರುತ್ತವೆ. ಗಡಿಯೇ ಇಲ್ಲದ ಶತ್ರು!

ಹಾಗಿದ್ದರೆ ಡೋಸ್ ಏರಿಸಿದರಾಯಿತಲ್ಲ? ರೂಢಿಯ ಲೆಕ್ಕ ಆರು ವಾರ, 30 ಸಿಟಿಂಗ್, 60 ಗ್ರೇ (ವಿಕಿರಣದ ಡೋಸ್ ಅಳೆಯುವ ಮಾನ). ಅಮೆರಿಕದ ಪ್ರಯೋಗವೊಂದು ಎಕ್ಸ್‌ರೇ ಡೋಸನ್ನು ಗೆಡ್ಡೆಯ ಜಾಗದಲ್ಲಿ 75ಕ್ಕೆ ಏರಿಸಿತು. 2020ರಲ್ಲಿ ಫಲಿತಾಂಶ ಬಂತು: ಆಯುಷ್ಯ ಹೆಚ್ಚಲಿಲ್ಲ. ಆದರೆ ಅದೇ 60 ಗ್ರೇ ಜೊತೆ ಟೆಮೊಜೊಲೊಮೈಡ್ ಎಂಬ ಕೀಮೊ ಮಾತ್ರೆ ಸೇರಿದ್ದೇ ತಡ, ಎರಡು ವರ್ಷ ದಾಟಿದವರು ನೂರಕ್ಕೆ ಸುಮಾರು 10ರಿಂದ 26ಕ್ಕೇರಿದ್ದರು! ಅದು 2005ರ ಮಾತು.

ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು 2004ರ ಕೆನಡಾ ಫಲಿತಾಂಶ. ವಯಸ್ಸು 60 ದಾಟಿದವರಿಗೆ ಮೂರೇ ವಾರ, 15 ಸಿಟಿಂಗ್, 40 ಗ್ರೇ ಕೊಟ್ಟರು. ಬದುಕಿದ ಅವಧಿ ಆರು ವಾರ ಚಿಕಿತ್ಸೆ ಪಡೆದವರಷ್ಟೇ! ತಿಂಗಳ ಲೆಕ್ಕದ ಬದುಕಿನಲ್ಲಿ ಮೂರು ವಾರದ ಆಸ್ಪತ್ರೆ ಅಲೆದಾಟ ತಪ್ಪಿತು. ಮನೆಯ ಹಿರಿಯರಿಗೆ ಈ ರೋಗ ಬಂದರೆ, ಯಾವ ಯಂತ್ರ ಎನ್ನುವ ಮೊದಲು ವೈದ್ಯರನ್ನು ಕೇಳಿ: ಎಷ್ಟು ಸಿಟಿಂಗ್ ಸಾಕು?